ತೋಟದ ದಾರಿಯಲ್ಲಿ ಓಡುವವರಿಗೆ ಜಿಪಿಎಸ್ ಇರುವ ವಾಚು ಬೇಕೇ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಹಳ್ಳಿಯಲ್ಲಿರುವ ಶಾಲಾ ಅಧ್ಯಾಪಕ, ವಯಸ್ಸು 47. ರಕ್ತದಲ್ಲಿ ಸಕ್ಕರೆ ಗಡಿಯಲ್ಲಿದೆ ಎಂದು ಡಾಕ್ಟರು ಕಳೆದ ವರ್ಷ ಎಚ್ಚರಿಸಿದ ಮೇಲೆ ಮುಂಜಾನೆ ನಡೆಯಲು ತೊಡಗಿ, ಈಗ ವಾರಕ್ಕೆ ನಾಲ್ಕು ದಿನ ಓಡುತ್ತಿದ್ದೇನೆ. ಡಿಸೆಂಬರಿನಲ್ಲಿ ಅರ್ಧ ಮ್ಯಾರಥಾನ್ ಓಡುವ ಆಸೆಯಿದೆ. ಮನೆಯಿಂದ ಅಡಿಕೆ ತೋಟದ ನಡುವಿನ ಕಾಂಕ್ರೀಟು ದಾರಿಯಲ್ಲಿ ತೋಡಿನವರೆಗೆ (ಹಳ್ಳದವರೆಗೆ) ಇಳಿದು, ಅಲ್ಲಿಂದ ಪದವಿಗೆ (ಎತ್ತರದ ಬೋಳು ಬಯಲಿಗೆ) ಹತ್ತಿ, ಡಾಮರು ರಸ್ತೆಯಲ್ಲಿ ಸ್ವಲ್ಪ ಹೋಗಿ ಅದೇ ದಾರಿಯಲ್ಲಿ ಮರಳುತ್ತೇನೆ. ಈ ದಾರಿ ನನ್ನ ಹಳೆಯ ಫಿಟ್‌ನೆಸ್ ಬ್ಯಾಂಡಿನಲ್ಲಿ 7,000 ಹೆಜ್ಜೆ, 6.3 ಕಿ.ಮೀ. ಎಂದು ಬರುತ್ತದೆ, ಫೋನಿನ ಆ್ಯಪ್ 5.4 ಎನ್ನುತ್ತದೆ, ಬೈಕಿನ ಮೀಟರು 5.6 ತೋರಿಸಿತು. ಹೊಸ ವಾಚು ಕೊಳ್ಳಬೇಕೆಂದು ಹೋದರೆ ಒಂದು ₹4,000ದ್ದು, ಇನ್ನೊಂದು ₹14,000ದ್ದು. ಕಡಿಮೆ ಬೆಲೆಯದರಲ್ಲಿಯೂ ‘ಜಿಪಿಎಸ್ ಸಪೋರ್ಟ್’ ಇದೆ, ಸೂಜಿ ಚುಚ್ಚದೆಯೇ ಶುಗರ್ ಕೂಡ ತೋರಿಸುತ್ತದೆ ಎಂದು ಅಂಗಡಿಯವರು ಹೇಳಿದರು. ನಮ್ಮ ತೋಟದಲ್ಲಿ ಮೊಬೈಲ್ ರೇಂಜ್ ಇಲ್ಲ. ಅಲ್ಲಿ ಜಿಪಿಎಸ್ ಕೆಲಸ ಮಾಡೀತೇ? ಮಳೆಗಾಲದಲ್ಲಿ ಮೋಡ ಕವಿದಿರುವಾಗ? ಉಪಗ್ರಹದ ಕಿರಣ ಸದಾ ಕೈಯ ಮೇಲೆ ಬೀಳುವುದು ಒಳ್ಳೆಯದಲ್ಲ ಎಂದು ಭಾವ ಹೇಳುತ್ತಾರೆ. ಮನೆಯಲ್ಲಿ ವಯಸ್ಸಾದ ಅಮ್ಮ ಇರುವುದರಿಂದ ನಾನು ಫೋನ್ ಬಿಟ್ಟು ಹೊರಡುವುದಿಲ್ಲ. ಹತ್ತನೇ ತರಗತಿಯ ಮಗಳು ಉಪಜಿಲ್ಲಾ ಮಟ್ಟದಲ್ಲಿ 1,500 ಮೀಟರ್ ಓಡುತ್ತಾಳೆ. ಅವಳು ಅಭ್ಯಾಸಕ್ಕೆ ಫೋನ್ ಒಯ್ಯುವಂತಿಲ್ಲ. ಜಿಪಿಎಸ್ ವಾಚು ಕೊಟ್ಟರೆ ಅವಳು ಎಲ್ಲಿದ್ದಾಳೆಂದು ನಮಗೆ ತಿಳಿಯುತ್ತದೆಯೇ? ಇಬ್ಬರಿಗೂ ಸೇರಿ ಒಂದೇ ವಾಚು ಸಾಕೇ? (ಹೆಸರು ಬೇಡವೆಂದು ಕೋರಿದ್ದಾರೆ.)

ಉತ್ತರ: ಮಾನ್ಯರೇ, ನಿಮ್ಮ ಪತ್ರದಲ್ಲಿ ವಾಚಿನ ಆಯ್ಕೆಯ ಜೊತೆಗೆ ಎರಡು ಆತಂಕಗಳು ಹೆಣೆದುಕೊಂಡಿವೆ. ಮೂರು ಉಪಕರಣಗಳು ಮೂರು ಅಂಕಿ ತೋರಿಸುವಾಗ ಯಾವುದನ್ನು ನಂಬುವುದು ಎಂಬುದು ಒಂದು. ಮಗಳು ಎಲ್ಲಿದ್ದಾಳೆಂದು ತಿಳಿಯುವುದು ಹೇಗೆ ಎಂಬುದು ಇನ್ನೊಂದು. ಜಿಪಿಎಸ್ ಎಂಬ ಮೂರಕ್ಷರದಿಂದ ಎರಡಕ್ಕೂ ಪರಿಹಾರ ಸಿಗುತ್ತದೆ ಎಂಬ ಭರವಸೆಯನ್ನು ಪೆಟ್ಟಿಗೆಯ ಮೇಲಿನ ಬರಹ ಕೊಡುತ್ತದೆ. ಮೊದಲನೆಯದಕ್ಕೆ ಅದು ಬಹುಮಟ್ಟಿಗೆ ಪರಿಹಾರವೇ ಹೌದು. ಎರಡನೆಯದಕ್ಕೆ ಅಲ್ಲ. ನಾನು ಭೂಮಾಪನ ಉಪಕರಣಗಳ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವನು, ನಿಮ್ಮ ಊರಿನಂತಹ ತೋಟ–ಪದವುಗಳಲ್ಲಿಯೇ ಹೆಚ್ಚಿನ ಕೆಲಸ ಮಾಡಿದವನು. ಆದ್ದರಿಂದ ನಾನು ಕೈಯಾರೆ ಕಂಡದ್ದನ್ನು ಆಧರಿಸಿಯೇ ಬರೆಯುತ್ತೇನೆ.

ನಿಮ್ಮ ಹಳೆಯ ಬ್ಯಾಂಡಿನಿಂದಲೇ ತೊಡಗೋಣ. ಅದು ಕೆಟ್ಟಿಲ್ಲ. ಅದರೊಳಗೆ ದೂರವನ್ನು ಅಳೆಯುವ ಯಾವ ಸಾಧನವೂ ಇಲ್ಲ; ಕೈಯ ಅಲುಗಾಟವನ್ನು ಗುರುತಿಸುವ ಸಣ್ಣ ಸೆನ್ಸರ್ ಒಂದಿದೆ. ಅದು ಹೆಜ್ಜೆಗಳನ್ನು ಎಣಿಸುತ್ತದೆ. ನೀವು ಮೊದಲ ದಿನ ತುಂಬಿಸಿದ ಎತ್ತರದ ಆಧಾರದಿಂದ ನಿಮ್ಮ ಒಂದು ಹೆಜ್ಜೆಯ ಉದ್ದವನ್ನು ಊಹಿಸಿ, ಹೆಜ್ಜೆಯ ಲೆಕ್ಕಕ್ಕೆ ಗುಣಿಸಿ, ಬಂದ ಉತ್ತರವನ್ನು ಕಿಲೋಮೀಟರ್ ಎಂದು ತೋರಿಸುತ್ತದೆ. ನಿಮ್ಮ ಅಂಕಿಗಳನ್ನೇ ಹಿಡಿದು ನೋಡಿ: 7,000 ಹೆಜ್ಜೆಗೆ 6.3 ಕಿ.ಮೀ. ಬರಬೇಕಾದರೆ ಅದು ಪ್ರತಿ ಹೆಜ್ಜೆಗೂ 90 ಸೆಂ.ಮೀ. ಹಿಡಿದಿದೆ. ನಿಜವಾದ ದಾರಿ 5.5 ಕಿ.ಮೀ. ಆಸುಪಾಸಿನದ್ದಾದರೆ ನಿಮ್ಮ ಸರಾಸರಿ ಹೆಜ್ಜೆ 79 ಸೆಂ.ಮೀ. ಮಾತ್ರ. ಹನ್ನೊಂದು ಸೆಂಟಿಮೀಟರಿನ ಈ ವ್ಯತ್ಯಾಸ ಏಳು ಸಾವಿರ ಬಾರಿ ಕೂಡಿದಾಗ ಎಂಟುನೂರು ಮೀಟರ್ ಆಗಿ ಬೆಳೆದಿದೆ. ಸಮತಟ್ಟು ರಸ್ತೆಯಲ್ಲಿ ಅದರ ಊಹೆ ಅಷ್ಟು ತಪ್ಪುತ್ತಿರಲಿಲ್ಲ. ಆದರೆ ಪದವಿಗೆ ಹತ್ತುವಾಗ ಯಾರ ಹೆಜ್ಜೆಯೂ ಗಿಡ್ಡವಾಗುತ್ತದೆ, ಪಾಚಿ ಹಿಡಿದ ಕಾಂಕ್ರೀಟಿನಲ್ಲಿ ತೋಡಿನ ಕಡೆಗೆ ಇಳಿಯುವಾಗ ಜಾರುವ ಭಯದಿಂದ ಇನ್ನೂ ಗಿಡ್ಡವಾಗುತ್ತದೆ. ಬ್ಯಾಂಡಿಗೆ ಇದು ತಿಳಿಯುವುದಿಲ್ಲ. ಕೆಲವು ವಾಚುಗಳಲ್ಲಿ ಹೆಜ್ಜೆಯ ಉದ್ದವನ್ನು ನಾವೇ ತಿದ್ದಬಹುದು. ತಿದ್ದಿದರೆ ಒಂದು ಬಗೆಯ ನೆಲಕ್ಕೆ ಸರಿಹೋಗುತ್ತದೆ, ಏರು–ತಗ್ಗಿನ ದಾರಿಗೆ ಹೋಗುವುದಿಲ್ಲ.

ಬೈಕಿನ ಮೀಟರು ಚಕ್ರದ ಸುತ್ತುಗಳನ್ನು ಎಣಿಸುವಂಥದ್ದು. ಟೈರು ಸವೆದಷ್ಟೂ, ಗಾಳಿ ಇಳಿದಷ್ಟೂ ಅದೇ ದಾರಿಗೆ ಸುತ್ತು ಹೆಚ್ಚು ಬೇಕಾಗುವುದರಿಂದ ಅಂಕಿ ತುಸು ಏರುತ್ತದೆ. ಫೋನಿನ 5.4 ಬಹುಶಃ ತುಸು ಕಡಿಮೆ. ತೋಟದೊಳಗೆ ಕೆಲವು ಕ್ಷಣ ಸ್ಥಾನ ಸಿಗದೆ ಹೋದಾಗ ಆ್ಯಪ್ ಮುಂದಿನ ಬಿಂದುವಿಗೆ ನೇರ ಗೆರೆ ಎಳೆಯುತ್ತದೆ. ದಾರಿಯ ತಿರುವುಗಳು ಆ ಗೆರೆಯಲ್ಲಿ ಕಳೆದುಹೋಗುತ್ತವೆ. ಹೀಗಾಗಿ ನಿಮ್ಮ ದಾರಿ 5.4 ಮತ್ತು 5.6ರ ನಡುವೆ ಇದೆ ಎಂದು ಧೈರ್ಯವಾಗಿ ಹಿಡಿಯಬಹುದು. ತರಬೇತಿಗೆ ಅಷ್ಟು ಖಚಿತತೆ ಸಾಕು.

ಇನ್ನು ಅಂಗಡಿಯವರ ‘ಜಿಪಿಎಸ್ ಸಪೋರ್ಟ್’. ಈ ಮಾತಿನ ಅರ್ಥ ಬಹಳ ಸಲ ಇಷ್ಟೇ: ವಾಚಿನೊಳಗೆ ಜಿಪಿಎಸ್ ರಿಸೀವರ್ ಇಲ್ಲ, ಬ್ಲೂಟೂತ್ ಮೂಲಕ ನಿಮ್ಮ ಫೋನಿನ ಜಿಪಿಎಸ್ಸನ್ನು ಅದು ಎರವಲು ಪಡೆಯುತ್ತದೆ. ಕಂಪೆನಿಗಳು ಇದನ್ನು ‘ಕನೆಕ್ಟೆಡ್ ಜಿಪಿಎಸ್’ ಎನ್ನುತ್ತವೆ. ಫಿಟ್‌ಬಿಟ್‌ನ ಇನ್‌ಸ್ಪೈರ್ 3 ಇದಕ್ಕೆ ಪರಿಚಿತ ಉದಾಹರಣೆ. ಇದರಲ್ಲಿ ಮೋಸವಿಲ್ಲ. ಫೋನ್ ಜೊತೆಗಿದ್ದರೆ ದಾರಿಯ ನಕ್ಷೆ, ದೂರ, ವೇಗ ಎಲ್ಲವೂ ದಾಖಲಾಗುತ್ತವೆ. ಫೋನ್ ಮನೆಯಲ್ಲಿ ಬಿಟ್ಟ ದಿನ ಮಾತ್ರ ಅದು ನಿಮ್ಮ ಹಳೆಯ ಬ್ಯಾಂಡಿನಂತೆಯೇ ಹೆಜ್ಜೆ ಗುಣಿಸುವ ಕೆಲಸಕ್ಕೆ ಮರಳುತ್ತದೆ. ಕೊಳ್ಳುವ ಮುನ್ನ ಪರೀಕ್ಷಿಸಲು ಸುಲಭದ ಉಪಾಯವೊಂದಿದೆ. ಅಂಗಡಿಯಲ್ಲಿ ತೆರೆದಿಟ್ಟ ವಾಚು ಇದ್ದರೆ ಫೋನಿನ ಬ್ಲೂಟೂತ್ ಆಫ್ ಮಾಡಿ, ವಾಚನ್ನು ಹೊರಗಿನ ರಸ್ತೆಬದಿಗೆ ತಂದು, ಹೊರಾಂಗಣ ಓಟದ ವಿಭಾಗವನ್ನು ತೆರೆಯಿರಿ. ಒಳಗೆ ರಿಸೀವರ್ ಇರುವ ವಾಚು ಎರಡು ಮೂರು ನಿಮಿಷದೊಳಗೆ ಉಪಗ್ರಹ ಸಿಕ್ಕಿತೆಂದು ಹೇಳುತ್ತದೆ. ಇಲ್ಲದ್ದು ಫೋನ್ ಜೋಡಿಸಿರೆಂದು ಕೇಳುತ್ತದೆ. ಅಂಗಡಿಯ ತಾರಸಿಯ ಕೆಳಗೆ ಈ ಪರೀಕ್ಷೆ ಮಾಡಬೇಡಿ, ಒಳ್ಳೆಯ ವಾಚೂ ಅಲ್ಲಿ ಸೋಲುತ್ತದೆ. ಆನ್‌ಲೈನಿನಲ್ಲಿ ತರಿಸುವುದಾದರೆ ವಿವರಪಟ್ಟಿಯಲ್ಲಿ ‘ಬಿಲ್ಟ್ ಇನ್’ ಎಂಬ ಮಾತೂ, ಜಿಪಿಎಸ್ ಜೊತೆಗೆ ಗ್ಲೋನಾಸ್, ಗೆಲಿಲಿಯೊ, ಬೈಡೂ ಮುಂತಾದ ಅಂತಹುದೇ ಬೇರೆ ಉಪಗ್ರಹ ವ್ಯವಸ್ಥೆಗಳ ಹೆಸರೂ ಇವೆಯೇ ನೋಡಿ.

ಮೊಬೈಲ್ ರೇಂಜ್ ಇಲ್ಲದಲ್ಲಿ ಜಿಪಿಎಸ್ ಇರುವುದಿಲ್ಲ ಎಂಬುದು ನಮ್ಮ ಕಡೆ ತುಂಬ ಬೇರೂರಿದ ತಪ್ಪು ತಿಳಿವಳಿಕೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ, ತಮ್ಮ ಸ್ಥಾನವನ್ನೂ ಸಮಯವನ್ನೂ ಎಡೆಬಿಡದೆ ಸಾರುತ್ತಿರುತ್ತವೆ. ವಾಚಿನ ರಿಸೀವರ್ ಆ ಸಂಕೇತ ತನ್ನವರೆಗೆ ಬರಲು ಎಷ್ಟು ಸಮಯ ಹಿಡಿಯಿತೆಂದು ಅಳೆದು, ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕವನ್ನು ಜೋಡಿಸಿ ತನ್ನ ಸ್ಥಾನವನ್ನು ತಾನೇ ಕಂಡುಕೊಳ್ಳುತ್ತದೆ. ಸಮಯದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಲೆಕ್ಕ ಅಷ್ಟು ಸೂಕ್ಷ್ಮ. ಇದರಲ್ಲಿ ಇಂಟರ್ನೆಟ್ಟಿಗಾಗಲಿ ಟವರಿಗಾಗಲಿ ಪಾತ್ರವಿಲ್ಲ. ಇಂಟರ್ನೆಟ್ ನೆರವಾಗುವುದು ಆರಂಭದಲ್ಲಿ ಮಾತ್ರ. ಪ್ರತಿ ಉಪಗ್ರಹದ ಕಕ್ಷೆಯ ವಿವರ 30 ಸೆಕೆಂಡಿಗೊಮ್ಮೆ ಆಕಾಶದಿಂದಲೇ ಬರುತ್ತದೆ, ಅದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವವರೆಗೆ ವಾಚು ಕಾಯಬೇಕು. ಹಿಂದಿನ ರಾತ್ರಿ ವಾಚನ್ನು ಫೋನಿನ ಆ್ಯಪ್‌ಗೆ ಜೋಡಿಸಿಟ್ಟಿದ್ದರೆ ಈ ವಿವರ ಮೊದಲೇ ಸಿಕ್ಕಿ ಬೆಳಗ್ಗೆ ಕೆಲವೇ ಸೆಕೆಂಡಿನಲ್ಲಿ ಸಿದ್ಧವಾಗುತ್ತದೆ.

ಭಾವನವರ ಆತಂಕಕ್ಕೂ ಉತ್ತರ ಇಲ್ಲಿಯೇ ಇದೆ. ಉಪಗ್ರಹದ ಸಂಕೇತ ನೆಲ ಮುಟ್ಟುವಾಗ ಅದರ ಬಲ ಒಂದು ವ್ಯಾಟಿನ ಕೋಟಿಯ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ವಾಚು ಕಟ್ಟಿದರೂ ಕಟ್ಟದಿದ್ದರೂ ಅದು ನಮ್ಮೆಲ್ಲರ ಮೇಲೆ ಸಮನಾಗಿ ಬೀಳುತ್ತಿರುತ್ತದೆ. ಜಿಪಿಎಸ್ ಭಾಗ ಕೇಳುತ್ತದೆಯೇ ಹೊರತು ಏನನ್ನೂ ಹೊರಸೂಸುವುದಿಲ್ಲ. ವಾಚಿನ ಬ್ಲೂಟೂತ್ ಹೊರಸೂಸುತ್ತದೆ, ಅದೂ ಕೆಲವೇ ಮಿಲಿವ್ಯಾಟ್. ಸೊಂಟದ ಚೀಲದಲ್ಲಿರುವ ಫೋನಿಗಿಂತ ಎಷ್ಟೋ ಪಾಲು ಕಡಿಮೆ.

ಇಷ್ಟು ದುರ್ಬಲವಾದ ಸಂಕೇತವಾದುದರಿಂದಲೇ ನಿಮ್ಮ ತೋಟದ ಪ್ರಶ್ನೆ ಮುಖ್ಯವಾಗುತ್ತದೆ. ಕೇರಳದಲ್ಲಿ 2022ರ ನವೆಂಬರ್ 1ರಂದು ಜಮೀನಿನ ಡಿಜಿಟಲ್ ಮರುಸರ್ವೆ ಆರಂಭವಾದ ಮೇಲೆ, ಆಳೆತ್ತರದ ಕಂಬದ ತುದಿಯಲ್ಲಿ ಅಣಬೆಯಂತಹ ಬಿಳಿಯ ಉಪಕರಣ ಹಿಡಿದವರನ್ನು ನೀವೂ ಕಂಡಿರಬಹುದು. ಅದೂ ಉಪಗ್ರಹದ ರಿಸೀವರೇ. ಗೊತ್ತಾದ ಸ್ಥಾನದಲ್ಲಿ ನೆಟ್ಟ ಕೇಂದ್ರದಿಂದ ಕ್ಷಣಕ್ಷಣವೂ ತಿದ್ದುಪಡಿ ಪಡೆದು ಕೆಲವು ಸೆಂಟಿಮೀಟರಿನ ಒಳಗೆ ಸ್ಥಾನ ಹೇಳುವಂಥದ್ದು. ಅಂತಹ ಉಪಕರಣವನ್ನು ಬೋಳು ಪದವಿನಲ್ಲಿ ನಿಲ್ಲಿಸಿದರೆ ಕೆಲವೇ ಸೆಕೆಂಡಿನಲ್ಲಿ ಸ್ಥಾನ ಖಚಿತವಾಗುವುದನ್ನೂ, ಅದನ್ನೇ ಇನ್ನೂರು ಮೀಟರ್ ಕೆಳಗಿನ ಅಡಿಕೆ ತೋಟಕ್ಕೆ ಒಯ್ದರೆ ನಿಮಿಷಗಟ್ಟಲೆ ನಿಂತರೂ ಅಂಕಿ ತೊನೆದಾಡುವುದನ್ನೂ ನಾನು ಎಷ್ಟೋ ಬಾರಿ ಕಂಡಿದ್ದೇನೆ. ಆಗ ಕಂಬವನ್ನು ಬದಿಗಿಟ್ಟು, ಬೆಳಕಿನ ಕಿರಣ ಬಿಟ್ಟು ದೂರ ಅಳೆಯುವ ಟೋಟಲ್ ಸ್ಟೇಷನ್ನನ್ನೇ ಆಶ್ರಯಿಸಬೇಕಾಗುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರಕ್ಕೇ ಕಷ್ಟವಾಗುವ ಕಡೆ ಹದಿನಾಲ್ಕು ಸಾವಿರದ ವಾಚು ತೊಡಕಿಲ್ಲದೆ ನಡೆಯಬೇಕೆಂದು ನಿರೀಕ್ಷಿಸಬಾರದು.

ಕಾರಣ ಎಲೆಯಲ್ಲಿರುವ ನೀರು. ಈ ತರಂಗಗಳನ್ನು ನೀರು ಚೆನ್ನಾಗಿ ಹೀರುತ್ತದೆ. ಆದರೂ ಹನಿಹನಿಯಾಗಿ ಚದುರಿರುವ ಕಾರಣ ಮೋಡವೂ ಬೀಳುವ ಮಳೆಯೂ ಗಣನೀಯ ಅಡ್ಡಿ ಮಾಡುವುದಿಲ್ಲ. ಆಟಿ ತಿಂಗಳ ಕಪ್ಪು ಮೋಡದ ಕೆಳಗೂ ಪದವಿನ ಮೇಲೆ ಜಿಪಿಎಸ್ ಎಂದಿನಂತೆಯೇ ಇರುತ್ತದೆ. ಆದರೆ ಒಂಬತ್ತಡಿಗೊಂದರಂತೆ ನೆಟ್ಟ ಕಂಗುಗಳ (ಅಡಿಕೆ ಮರಗಳ) ಸೋಗೆ ಮೇಲೆ ಒಂದಕ್ಕೊಂದು ತಾಗಿ, ಕಾಂಡಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿ, ಎಲ್ಲವೂ ತೊಯ್ದು ನಿಂತಾಗ, ಬರುವ ಅಲ್ಪ ಸಂಕೇತವೂ ಅಲ್ಲಿ ಕುಂದುತ್ತದೆ, ಚದುರುತ್ತದೆ. ಉಳಿದದ್ದರಲ್ಲಿ ಅರ್ಧವನ್ನು ನಿಮ್ಮ ದೇಹವೇ ತಡೆಯುತ್ತದೆ, ಏಕೆಂದರೆ ನಾವೂ ಬಹುಪಾಲು ನೀರೇ. ಮುರಕಲ್ಲು ಕಡಿದು ಮಾಡಿದ ದಾರಿಯ ಎರಡು ಗೋಡೆಗಳ ನಡುವೆ ಇನ್ನೊಂದು ತೊಂದರೆಯಿದೆ: ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ವಾಚು ಅದನ್ನು ಹೆಚ್ಚಿನ ದೂರವೆಂದು ತಿಳಿಯುತ್ತದೆ. ಬಯಲಿನಲ್ಲಿ ಫೋನಿನ ಜಿಪಿಎಸ್ ಸಾಮಾನ್ಯವಾಗಿ 5 ಮೀಟರಿನ ಒಳಗೆ ಸ್ಥಾನ ಹೇಳುತ್ತದೆ, ಒಳ್ಳೆಯ ವಾಚೂ ಅಷ್ಟೇ. ತೋಟದೊಳಗೆ ಅದು ಹತ್ತು, ಇಪ್ಪತ್ತು ಮೀಟರಿಗೆ ಜಾರಬಹುದು. ಓಟ ಮುಗಿಸಿ ನಕ್ಷೆ ನೋಡಿದಾಗ ನೀವು ತೋಡಿನ ಆಚೆ ದಡದಲ್ಲಿ ಓಡಿದಂತೆ ಗೆರೆ ಕಂಡರೆ ವಾಚು ಕೆಟ್ಟಿತೆಂದು ಹೆದರಬೇಡಿ.

ಎರಡು ತರಂಗಾಂತರಗಳನ್ನು ಕೇಳುವ, ‘ಡ್ಯುಯಲ್ ಬ್ಯಾಂಡ್’ ಎಂಬ ದುಬಾರಿ ವಾಚುಗಳನ್ನು ಯಾರಾದರೂ ನಿಮಗೆ ತೋರಿಸಬಹುದು. ಹಳೆಯ ಎಲ್1 ಸಂಕೇತದ ಜೊತೆಗೆ ಎಲ್5 ಎಂಬ ಹೊಸ ಸಂಕೇತವನ್ನೂ ಅವು ಬಳಸುತ್ತವೆ. ಎಲ್5ರ ಸಂಕೇತಮಾಲೆ ಹತ್ತು ಪಟ್ಟು ವೇಗದ್ದಾದುದರಿಂದ ನೇರ ಬಂದ ಸಂಕೇತ ಯಾವುದು, ಗೋಡೆಗೆ ಬಡಿದು ಬಂದದ್ದು ಯಾವುದು ಎಂದು ಪ್ರತ್ಯೇಕಿಸಲು ಸುಲಭ. ಎತ್ತರದ ಕಟ್ಟಡಗಳ ನಡುವೆ ಓಡುವವರಿಗೆ ಇದರಿಂದ ನಿಜವಾದ ಪ್ರಯೋಜನವಿದೆ. ಎಲೆಯಲ್ಲಿ ಹೀರಿಹೋದ ಸಂಕೇತವನ್ನು ಅದೂ ಮರಳಿ ತರಲಾರದು. ನಿಮ್ಮ ದಾರಿಯ ಬಹುಪಾಲು ಪದವು ಮತ್ತು ಡಾಮರು ರಸ್ತೆಯಾಗಿರುವುದರಿಂದ ಆ ಹೆಚ್ಚಿನ ಹಣವನ್ನು ನಾನಾದರೆ ಕೊಡುವುದಿಲ್ಲ. ಜಿಪಿಎಸ್‌ನಂತಹುದೇ ಆದ ಭಾರತದ ನಾವಿಕ್ ಉಪಗ್ರಹ ವ್ಯವಸ್ಥೆಯ ಬಗೆಗೂ ಕೆಲವರು ಕೇಳುವುದುಂಟು. ಅದರ ಮೊದಲ ತಲೆಮಾರಿನ ಉಪಗ್ರಹಗಳು ಎಲ್1ರಲ್ಲಿ ಸಂಕೇತ ಕಳಿಸುತ್ತಿರಲಿಲ್ಲ. 2023ರ ಮೇ 29ರಂದು ಇಸ್ರೋ ಹಾರಿಸಿದ ಎನ್‌ವಿಎಸ್–01 ಉಪಗ್ರಹದಲ್ಲಿ ಎಲ್1 ಸೇರಿತು, ವಾಚಿನಂತಹ ಸಣ್ಣ ಸಾಧನಗಳಿಗೆ ಹೊಂದುವುದು ಇದೇ. ಹೆಸರು ಪಟ್ಟಿಯಲ್ಲಿದ್ದರೆ ಒಳ್ಳೆಯದು, ಅದಕ್ಕೋಸ್ಕರವೇ ವಾಚು ಆರಿಸಬೇಕಾಗಿಲ್ಲ.

ಹಾಗಾದರೆ ನಿಮಗೆ ಯಾವುದು? ಅಮ್ಮನಿಗಾಗಿ ಫೋನ್ ಬಿಟ್ಟು ಹೊರಡುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಆ ಒಂದು ವಾಕ್ಯ ನಿಮ್ಮ ಮಟ್ಟಿಗೆ ಉತ್ತರವನ್ನು ನಿರ್ಧರಿಸುತ್ತದೆ. ಫೋನ್ ಹೇಗೂ ಸೊಂಟದಲ್ಲಿ ಇರುವುದಾದರೆ ಅದರ ಜಿಪಿಎಸ್ಸನ್ನೇ ಬಳಸುವ, ಒಳಗೆ ಜಿಪಿಎಸ್ ಇಲ್ಲದ ವಾಚು ನಿಮಗೆ ಸಾಕು. ಒಳಗೆ ಜಿಪಿಎಸ್ ಇರುವುದನ್ನು ಕೊಂಡರೆ ಅದೇ ದೂರವನ್ನು ಎರಡು ಕಡೆ ಅಳೆಯಲು ಹತ್ತು ಸಾವಿರ ಹೆಚ್ಚು ಕೊಟ್ಟಂತಾಗುತ್ತದೆ. ಉಳಿದ ಹಣದಿಂದ ಮೊದಲು ಒಳ್ಳೆಯ ಓಟದ ಬೂಟು ಕೊಳ್ಳಿ; 47ರ ಮೊಣಕಾಲಿಗೆ ಕಾಂಕ್ರೀಟು ಇಳಿಜಾರಿನಲ್ಲಿ ಅದರ ಅಗತ್ಯ ವಾಚಿಗಿಂತ ಹೆಚ್ಚು.

ಈ ಆಯ್ಕೆಯ ಅಪಾಯಗಳನ್ನೂ ಹೇಳಬೇಕು. ಬ್ಯಾಟರಿ ಉಳಿಸುವ ಸಲುವಾಗಿ ಇಂದಿನ ಹಲವು ಆಂಡ್ರಾಯ್ಡ್ ಫೋನುಗಳು ಪರದೆ ಆರಿದ ಕೆಲವು ನಿಮಿಷಗಳಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತವೆ. ಆಗ ನಿಮ್ಮ ಓಟ ಅರ್ಧದಲ್ಲಿ ನಿಂತುಹೋಗುತ್ತದೆ, ಇಲ್ಲವೇ ನಕ್ಷೆಯಲ್ಲಿ ಗುಡ್ಡವನ್ನು ಸೀಳಿಕೊಂಡು ಹೋದ ನೇರ ಗೆರೆ ಕಾಣುತ್ತದೆ. ಜನರು ವಾಚನ್ನು ದೂರುತ್ತಾರೆ. ತಪ್ಪು ಬಹಳ ಸಲ ಫೋನಿನ ಸೆಟ್ಟಿಂಗಿನದ್ದು. ವಾಚಿನ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದುಹಾಕಿ, ಲೊಕೇಶನ್ ಅನುಮತಿಯನ್ನು ‘ಯಾವಾಗಲೂ’ ಎಂದಿಟ್ಟು, ನಿಖರ ಸ್ಥಳದ ಅನುಮತಿಯನ್ನೂ ಕೊಡಿ. ಮಳೆಗಾಲದಲ್ಲಿ ಫೋನನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಳ್ಳಿ, ಪ್ಲಾಸ್ಟಿಕ್ ಸಂಕೇತವನ್ನು ತಡೆಯುವುದಿಲ್ಲ. ಓಟವನ್ನು ಮಾಡಿನ (ಛಾವಣಿಯ) ಕೆಳಗಿಂದ ಆರಂಭಿಸಬೇಡಿ, ತಗಡಿನ ಮಾಡಾದರೆ ಖಂಡಿತ ಬೇಡ. ಅಡಿಕೆ ಒಣಹಾಕುವ ನಿಮ್ಮ ಅಂಗಳದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ: ನಾಲ್ಕು ಸುತ್ತಿನಿಂದ ಆಕಾಶ ತೆರೆದಿರುತ್ತದೆ. ಅಲ್ಲಿ ಒಂದು ನಿಮಿಷ ನಿಂತು ಸ್ಥಾನ ಸಿಕ್ಕಿದೆಯೆಂದು ಖಚಿತವಾದ ಮೇಲೆ ತೋಟಕ್ಕಿಳಿಯಿರಿ. ಬಯಲಿನಲ್ಲಿ ಹಿಡಿದ ಉಪಗ್ರಹವನ್ನು ಸೋಗೆಯ ಕೆಳಗೂ ಬಿಡದೆ ಉಳಿಸಿಕೊಳ್ಳುವುದು ರಿಸೀವರಿಗೆ ಸುಲಭ, ಸೋಗೆಯ ಕೆಳಗೆ ಹೊಸದಾಗಿ ಹುಡುಕುವುದು ಕಷ್ಟ. ನಾನು ಕೊಡಬಲ್ಲ ಸಲಹೆಗಳಲ್ಲಿ ಅತ್ಯಂತ ಪ್ರಯೋಜನದ್ದು ಇದೇ, ಇದಕ್ಕೆ ಖರ್ಚೂ ಇಲ್ಲ.

ಶುಗರ್ ತೋರಿಸುತ್ತದೆ ಎಂಬ ಮಾತನ್ನು ಮಾತ್ರ ದಯವಿಟ್ಟು ನಂಬಬೇಡಿ. ನಿಮ್ಮ ಸ್ಥಿತಿಯಲ್ಲಿ ಇದು ಹಣದ ನಷ್ಟಕ್ಕಿಂತ ದೊಡ್ಡ ವಿಷಯ. ಚರ್ಮವನ್ನು ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತೇವೆ ಎನ್ನುವ ಯಾವ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಸಾರ್ವಜನಿಕವಾಗಿ ಎಚ್ಚರಿಸಿತ್ತು. ತೋಳಿಗೆ ಅಂಟಿಸಿ, ಚರ್ಮದೊಳಗೆ ಸಣ್ಣ ಎಳೆ ಇಳಿಸುವ ಸೆನ್ಸರ್‌ಗಳು ಬೇರೆ; ಅವುಗಳ ಅಂಕಿಯನ್ನು ಕೆಲವು ವಾಚುಗಳು ತೋರಿಸಬಲ್ಲವು ಅಷ್ಟೇ. ಸುಮ್ಮನೆ ಮಣಿಕಟ್ಟಿಗೆ ಹಸಿರು ಬೆಳಕು ಬಿಟ್ಟು ‘ಶುಗರ್ 104’ ಎಂದು ತೋರಿಸುವ ವಾಚನ್ನು ನಂಬಿ ಊಟವನ್ನೋ ಮಾತ್ರೆಯನ್ನೋ ಬದಲಿಸಿದರೆ ಹಾನಿಯಾಗುತ್ತದೆ. ಇಂತಹ ಭರವಸೆ ಕೊಡುವ ವಾಚಿನ ಉಳಿದ ಅಂಕಿಗಳನ್ನೂ ನಾನು ಸಂದೇಹದಿಂದಲೇ ನೋಡುತ್ತೇನೆ. ಅದನ್ನು ಬಿಟ್ಟು ಅದೇ ಬೆಲೆಯ ಬೇರೊಂದನ್ನು ಆರಿಸಿ. ಹಸಿರು ಬೆಳಕು ನಾಡಿಬಡಿತಕ್ಕೆ ಮಾತ್ರ ಸಲ್ಲುತ್ತದೆ, ಅದಕ್ಕೂ ಜಿಪಿಎಸ್ಸಿಗೂ ಸಂಬಂಧವಿಲ್ಲ. ಪಟ್ಟಿ ಸಡಿಲವಾಗಿದ್ದರೆ ಓಟದಲ್ಲಿ ಅದೂ ತಪ್ಪುವುದರಿಂದ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲಕ್ಕೆ, ಅಲುಗದಂತೆ ಕಟ್ಟಿಕೊಳ್ಳಿ.

ಮಗಳ ವಿಷಯ ಬೇರೆಯೇ. ಅವಳು ಫೋನ್ ಒಯ್ಯುವಂತಿಲ್ಲವಾದ್ದರಿಂದ, ರಸ್ತೆಯಲ್ಲಿ ದೂರದ ಓಟದ ಅಭ್ಯಾಸವಿದ್ದರೆ ಒಳಗೇ ಜಿಪಿಎಸ್ ಇರುವ ವಾಚು ಅವಳಿಗೆ ಸಾರ್ಥಕ. ಮೈದಾನದ ಅಭ್ಯಾಸಕ್ಕೆ ಮಾತ್ರ ಆದರೆ ಅದರ ಅಗತ್ಯ ಕಡಿಮೆ. ಶಾಲೆಯ 200 ಮೀಟರಿನ ಓಟದಂಕಣದಲ್ಲಿ ಪ್ರತಿ ತಿರುವಿನಲ್ಲೂ ಮೂರು ನಾಲ್ಕು ಮೀಟರ್ ಜಾರಿದರೆ ಸುತ್ತಿನ ಲೆಕ್ಕ ಕೆಡುತ್ತದೆ. ಅಲ್ಲಿ ಸುತ್ತು ಮುಗಿದಾಗಲೆಲ್ಲ ಗುಂಡಿ ಒತ್ತಿ ಸಮಯ ಹಿಡಿಯುವ ಸ್ಟಾಪ್‌ವಾಚೇ ಹೆಚ್ಚು ಸತ್ಯ ಹೇಳುತ್ತದೆ. ಅವಳ ತರಬೇತುದಾರರನ್ನು ಒಮ್ಮೆ ಕೇಳಿ, ವಾರದಲ್ಲಿ ಎಷ್ಟು ದಿನ ರಸ್ತೆ ಓಟವಿದೆ ಎಂದು. ಎರಡು ದಿನವಾದರೂ ಇದ್ದರೆ ಕೊಡಿಸಿ. ಹತ್ತು ಸಾವಿರದೊಳಗೂ ಒಳಗೆ ಜಿಪಿಎಸ್ ಇರುವ ವಾಚುಗಳು ಇಂದು ಸಿಗುತ್ತವೆ, ಹದಿನಾಲ್ಕೇ ಆಗಬೇಕೆಂದಿಲ್ಲ.

ಅವಳು ಎಲ್ಲಿದ್ದಾಳೆಂದು ಅದರಿಂದ ನಿಮಗೆ ತಿಳಿಯುತ್ತದೆಯೇ ಎಂದರೆ, ಇಲ್ಲ. ತಾನೆಲ್ಲಿದ್ದೇನೆ ಎಂದು ತಿಳಿಯುವುದು ಒಂದು ಕೆಲಸ, ಅದನ್ನು ಇನ್ನೊಬ್ಬರಿಗೆ ತಿಳಿಸುವುದು ಬೇರೊಂದು ಕೆಲಸ. ಸಾಮಾನ್ಯ ಜಿಪಿಎಸ್ ವಾಚಿಗೆ ಮೊದಲನೆಯದು ಮಾತ್ರ ಗೊತ್ತು. ಎರಡನೆಯದಕ್ಕೆ ಜೊತೆಯಲ್ಲಿ ಫೋನ್ ಬೇಕು, ಇಲ್ಲವೇ ವಾಚಿನೊಳಗೇ ಇ–ಸಿಮ್ (ಒಳಗೇ ಅಡಕವಾದ ಮೊಬೈಲ್ ಸಿಮ್) ಬೇಕು. ಇ–ಸಿಮ್ ಇರುವ ವಾಚು ದುಬಾರಿ, ತಿಂಗಳ ಶುಲ್ಕವೂ ಬೀಳಬಹುದು. ನಿಮ್ಮ ತೋಟದಲ್ಲಿ ರೇಂಜ್ ಇಲ್ಲವೆಂದ ಮೇಲೆ ಬೇಕಾದಲ್ಲಿಯೇ ಅದು ಮೂಕವಾಗುತ್ತದೆ. ವಾಚು ಕಳೆದುಹೋದರೆ ಹುಡುಕಲೂ ಇದೇ ಮಿತಿ. ಮಗಳ ಸುರಕ್ಷತೆಗೆ ಓಟದ ಜೊತೆಗಾತಿ, ಗೊತ್ತುಮಾಡಿದ ದಾರಿ, ಹಿಂತಿರುಗುವ ಹೊತ್ತು ಇವುಗಳೇ ಗಟ್ಟಿ ಏರ್ಪಾಡು. ಇದಕ್ಕೆ ವಿರುದ್ಧವಾದ ಅಪಾಯವೊಂದರ ಕಡೆಗೆ ಗಮನ ಕೊಡಿ ಎಂದು ಕಳಕಳಿಯಿಂದ ಕೇಳುತ್ತೇನೆ. ಓಟದ ನಕ್ಷೆಯನ್ನು ಆ್ಯಪ್‌ಗಳು ತಾವಾಗಿಯೇ ಎಲ್ಲರಿಗೂ ಕಾಣುವಂತೆ ಹಾಕುವುದುಂಟು. ಸ್ಟ್ರಾವಾ ಎಂಬ ಓಟದ ಆ್ಯಪ್ ಪ್ರಕಟಿಸಿದ್ದ ಜಗತ್ತಿನ ನಕ್ಷೆಯಲ್ಲಿ ಸೈನಿಕರ ಓಟದ ಗೆರೆಗಳಿಂದ ಹಲವು ಸೇನಾನೆಲೆಗಳ ರೂಪರೇಖೆಯೇ ಕಾಣಿಸುತ್ತಿದ್ದುದು 2018ರ ಜನವರಿಯಲ್ಲಿ ಬೆಳಕಿಗೆ ಬಂದಿತ್ತು. ದಿನವೂ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಓಡುವ ಹುಡುಗಿಯ ಮನೆ ಎಲ್ಲಿ, ಹೊರಡುವುದು ಎಷ್ಟು ಗಂಟೆಗೆ ಎಂಬುದನ್ನು ಅಪರಿಚಿತರು ಓದುವಂತಾಗಬಾರದು. ವಾಚು ಕಟ್ಟಿದ ದಿನವೇ ಅವಳ ಖಾತೆಯನ್ನು ಖಾಸಗಿ ಮಾಡಿ, ಮನೆಯ ಸುತ್ತಲಿನ ಭಾಗವನ್ನು ನಕ್ಷೆಯಿಂದ ಮರೆಮಾಡಿ.

ಒಂದೇ ವಾಚನ್ನು ಇಬ್ಬರೂ ಕಟ್ಟುವುದು ಬೇಡ. ದೂರ ಸರಿಯಾಗಿಯೇ ಬರುತ್ತದೆ. ಆದರೆ ವಿಶ್ರಾಂತಿಯ ನಾಡಿಬಡಿತ, ನಿದ್ದೆ, ಓಟದ ಸಾಮರ್ಥ್ಯ ಇವನ್ನೆಲ್ಲ ವಾಚು ಒಬ್ಬರದೆಂದೇ ತಿಳಿದು ಲೆಕ್ಕ ಹಾಕುತ್ತದೆ. ಹದಿನೈದರ ಹುಡುಗಿಯ ಹೃದಯವನ್ನೂ 47ರ ತಂದೆಯ ಹೃದಯವನ್ನೂ ಕಲಸಿ ಅದು ಕೊಡುವ ಸಲಹೆ ಇಬ್ಬರಿಗೂ ಹೊಂದುವುದಿಲ್ಲ.

ಮಗಳ ವಾಚು ಆರಿಸುವಾಗ ನಮ್ಮ ಮಳೆಯನ್ನು ನೆನಪಿಡಿ. ಒದ್ದೆಯಾದ ಟಚ್ ಪರದೆ ಬೆರಳಿನ ಮಾತು ಕೇಳುವುದಿಲ್ಲ, ಕೆಲವೊಮ್ಮೆ ಮಳೆಹನಿಯನ್ನೇ ಬೆರಳೆಂದು ತಿಳಿದು ಓಟ ನಿಲ್ಲಿಸಿಬಿಡುತ್ತದೆ. ಆರಂಭ, ನಿಲುಗಡೆ, ಸುತ್ತು ಈ ಮೂರಕ್ಕೂ ಒತ್ತುವ ಗುಂಡಿಗಳಿರುವುದನ್ನು ಹುಡುಕಿ. ನೀರು ತಡೆಯುವ ಮಟ್ಟ ‘5 ಎಟಿಎಂ’ ಎಂದು ಬರೆದಿದ್ದರೆ ಮಳೆಗೂ ಕೆರೆಯ ಈಜಿಗೂ ಸಾಕು. ಚಾರ್ಜಿನ ಲೋಹದ ಬಿಂದುಗಳನ್ನು ಬೆವರಿನ ಉಪ್ಪು ತಿನ್ನುವುದರಿಂದ ಓಟದ ಬಳಿಕ ಬರಿಯ ನೀರಿನಲ್ಲಿ ತೊಳೆದು ಒರಸಿ. ಸಾಬೂನು ಬೇಡ, ಅದು ನೀರು ತಡೆಯುವ ರಬ್ಬರನ್ನು ಹಾಳುಮಾಡುತ್ತದೆ. ಬ್ಯಾಟರಿಯ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ದಿನಗಳ ಲೆಕ್ಕವನ್ನು ಹಾಗೆಯೇ ಹಿಡಿಯಬೇಡಿ. ಉದಾಹರಣೆಗೆ, 2021ರಲ್ಲಿ ಬಂದ ಗಾರ್ಮಿನ್ ಫೋರ್‌ರನ್ನರ್ 55ಕ್ಕೆ ಕಂಪೆನಿ ಹೇಳುವ ಲೆಕ್ಕ ಜಿಪಿಎಸ್ ಇಲ್ಲದೆ ಎರಡು ವಾರ, ಜಿಪಿಎಸ್ ಹಚ್ಚಿದರೆ 20 ಗಂಟೆ. ದಿನಕ್ಕೆ ಒಂದು ಗಂಟೆ ಓಡಿದರೆ ಓಟಕ್ಕೆ ನೂರಕ್ಕೆ 5, ಉಳಿದ ಹೊತ್ತಿಗೆ ನೂರಕ್ಕೆ 7 ಖರ್ಚಾಗಿ ಎಂಟು ದಿನಕ್ಕೊಮ್ಮೆ ಚಾರ್ಜು ಬೇಕು. ಗಾಳಿಮಳೆಗೆ ಎರಡು ದಿನ ಕರೆಂಟು ಹೋದರೂ ತೊಂದರೆಯಿಲ್ಲ. ದಿನವೂ ಚಾರ್ಜು ಕೇಳುವ ವಾಚನ್ನು ನಮ್ಮ ಊರಿಗೆ ನಾನು ಶಿಫಾರಸು ಮಾಡುವುದಿಲ್ಲ. ಬ್ಯಾಟರಿ ಉಳಿಸಲೆಂದು ಸ್ಥಾನವನ್ನು ವಿರಳವಾಗಿ ದಾಖಲಿಸುವ ಸೌಲಭ್ಯವನ್ನೂ ಬಳಸಬೇಡಿ, ತಿರುವುಗಳು ಕಡಿದುಹೋಗಿ ದೂರ ಕಡಿಮೆ ಬರುತ್ತದೆ.

ಡಿಸೆಂಬರಿನ ಓಟದ ದಿನಕ್ಕೆ ಒಂದು ಮಾತು. ಅರ್ಧ ಮ್ಯಾರಥಾನಿನ ದೂರ 21.0975 ಕಿ.ಮೀ. ನಿಮ್ಮ ವಾಚು 21.3 ಎಂದೋ 21.4 ಎಂದೋ ತೋರಿಸಿದರೆ ಸಂಘಟಕರು ತಪ್ಪಿ ಅಳೆದರೆಂದು ತಿಳಿಯಬೇಡಿ. ಪ್ರಮಾಣೀಕೃತ ಮಾರ್ಗವನ್ನು ಸೈಕಲ್ಲಿನ ಚಕ್ರದಿಂದ, ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ಗೆರೆಯಲ್ಲಿ ಅಳೆಯುತ್ತಾರೆ, ದೂರ ಕಡಿಮೆಯಾಗದಿರಲೆಂದು ಸಾವಿರಕ್ಕೆ ಒಂದರಂತೆ ಹೆಚ್ಚು ಸೇರಿಸುತ್ತಾರೆ. ಗುಂಪಿನ ನಡುವೆ ಬಳಸಿ ಓಡುವ ನಾವು ಆ ಗೆರೆಯಲ್ಲಿ ಇರುವುದಿಲ್ಲ. ವೇಗದ ಲೆಕ್ಕವನ್ನು ರಸ್ತೆಬದಿಯ ಕಿಲೋಮೀಟರ್ ಫಲಕ ನೋಡಿ ಇಟ್ಟುಕೊಳ್ಳಿ.

ಹಳೆಯ ಬ್ಯಾಂಡನ್ನು ಎಸೆಯಬೇಡಿ. ಹೆಜ್ಜೆ ಎಣಿಸುವುದು ಅದಕ್ಕೆ ಬರುತ್ತದೆ. ಅಂಗಳದಲ್ಲಿ ಸಂಜೆ ನಾಲ್ಕು ಸುತ್ತು ನಡೆಯುವ ಅಭ್ಯಾಸ ಅಮ್ಮನಿಗಿದ್ದರೆ ಅವರ ಕೈಗೆ ಕಟ್ಟಿ. ಊರುಗೋಲು ಹಿಡಿದ ಕೈ ಹೆಚ್ಚು ಬೀಸುವುದಿಲ್ಲವಾದುದರಿಂದ ಇನ್ನೊಂದು ಕೈಗೆ ಕಟ್ಟಬೇಕು. ಮೊದಲ ದಿನ ನೀವೇ ಜೊತೆಗೆ ನಡೆದು, ಬಾಯಲ್ಲಿ ನೂರು ಎಣಿಸಿ, ಬ್ಯಾಂಡು ಎಷ್ಟು ತೋರಿಸಿತು ನೋಡಿ. ತೊಂಬತ್ತರ ಮೇಲೆ ಬಂದರೆ ಅವರಿಗೆ ಅದು ಸಾಕು.